ಬಾಡಿಗೆ ಸಾಫ್ಟ್‌ವೇರ್ ಬಿಟ್ಟು ಮನೆಯಲ್ಲಿ ಕನ್ನಡ ಡಿಟಿಪಿ ನಡೆಸಬಹುದಾ?

ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಸಾಗರದಲ್ಲಿ ಮನೆಯಲ್ಲೇ ಡಿಟಿಪಿ ಮಾಡ್ತೀನಿ. ಮೊದಲು ಒಂದು ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷ ಕಂಪೋಸಿಂಗಿಗೆ ಇದ್ದೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಕೆಲಸ ಬಿಟ್ಟು, ಉಗ್ರಾಣದಲ್ಲಿದ್ದ ಅಡಿಕೆ ಮೂಟೆ ಆಚೆ ಹಾಕಿ ಅಲ್ಲೇ ಒಂದು ಕಂಪ್ಯೂಟರ್ ಇಟ್ಕೊಂಡೆ. ಮದುವೆ ಕಾಗದ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಕ್ಷಗಾನದ ಕರಪತ್ರ. ವರ್ಷಕ್ಕೊಂದು ದೊಡ್ಡ ಕೆಲಸ ಅಂದರೆ ಇಲ್ಲಿನ ಒಂದು ಸಹಕಾರಿ ಸಂಘದ ವಾರ್ಷಿಕ ವರದಿ, 48 ಪುಟ.

ನಮ್ಮ ಕಸುಬಿಗೆ ಆಷಾಢ, ಧನುರ್ಮಾಸ ಎರಡೂ ಏಕಾದಶಿ ಉಪವಾಸ ಇದ್ದ ಹಾಗೆ. ಸಾಫ್ಟ್‌ವೇರ್ ಬಾಡಿಗೆಗೆ ಮಾತ್ರ ಆಷಾಢವೂ ಇಲ್ಲ, ಧನುರ್ಮಾಸವೂ ಇಲ್ಲ. ಪುಟ ಕಟ್ಟೋದು ಒಂದು, ಫೋಟೋದ್ದು ಒಂದು, ಆಫೀಸಿಂದು ಒಂದು ಅಂತ ಮೂರು ಬಾಡಿಗೆ ಕಟ್ತಿದ್ದೀನಿ. ಈ ತಿಂಗಳು ದುಡಿದದ್ದು 1,400 ರೂಪಾಯಿ, ಕಾರ್ಡಿನಿಂದ ಕಟ್ ಆಗಿದ್ದು 2,900. ಒಂದನ್ನ ನಿಲ್ಸೋಣ ಅಂತ ಹೋದರೆ, ನೀವು ತಗೊಂಡಿದ್ದು ವರ್ಷದ ಒಪ್ಪಂದ, ತಿಂಗಳು ತಿಂಗಳು ಕಟ್ಟೋದು ಬರೀ ಕಂತು, ಈಗ ಬಿಟ್ಟರೆ ಉಳಿದದ್ದರಲ್ಲಿ ಅರ್ಧ ಕೊಡಿ ಅಂತ ಬಂತು. ಕಂಪನಿ ಹೆಸರು ಬೇಡ. ತಗೊಳ್ಳುವಾಗ ಸಣ್ಣ ಅಕ್ಷರ ಓದದೇ ಇದ್ದದ್ದು ನಾನೇ. ಊರಿಗೆಲ್ಲ ಪ್ರೂಫ್ ನೋಡಿಕೊಡೋಳು ನಾನು, ನೋಡಿ!

ಕಳ್ಳ ಕಾಪಿ ಹಾಕ್ಕೊಳ್ಳಿ ಅಂತ ದಯವಿಟ್ಟು ಹೇಳಬೇಡಿ. ಹಿಂದೆ ಒಬ್ಬ ಹುಡುಗನ ಹತ್ತಿರ ಹಾಕಿಸಿಕೊಂಡು, ವೈರಸ್ ಬಂದು ಒಂದು ವರ್ಷದ ಫೈಲ್ ಅಷ್ಟೂ ಹೋಗಿದೆ.

ಕೇಳಬೇಕಾಗಿರೋದು ಇಷ್ಟು. ದುಡ್ಡಿಲ್ಲದೆ ಸಿಗೋ ಸಾಫ್ಟ್‌ವೇರಿನಲ್ಲಿ ಕನ್ನಡ ಸರಿಯಾಗಿ ಬರುತ್ತಾ? ಎಷ್ಟೋ ವರ್ಷದ ಹಿಂದೆ ಒಂದನ್ನ ಹಾಕಿ ನೋಡಿದ್ದೆ, ಒತ್ತಕ್ಷರ ಎಲ್ಲ ಕಳಚಿ ಬಿದ್ದು 'ಪ್ರೀತಿಯ ಆಮಂತ್ರಣ' ಅನ್ನೋದು 'ಪ್‌ರೀತಿಯ ಆಮಂತ್‌ರಣ' ಆಗಿ ಕೂತಿತ್ತು. ಎರಡನೇದು, 2006ರಿಂದ ಇರೋ ಫೈಲ್ ಎಲ್ಲ ನುಡಿ ಅನ್ನೋ ಹಳೇ ಕನ್ನಡ ಅಕ್ಷರದಲ್ಲಿ, ಪೇಜ್‌ಮೇಕರ್ ಅನ್ನೋ ಪುಟ ಕಟ್ಟೋ ಸಾಫ್ಟ್‌ವೇರಿನಲ್ಲಿದೆ, ಕೆಲವು ಚಿತ್ರ ಬಿಡಿಸೋ ಕೋರೆಲಿನಲ್ಲಿ. ಅವುಗಳ ಗತಿ ಏನು? ಮೂರನೇದು, ಪ್ರೆಸ್ಸಿನವರು ತಗೋತಾರಾ?

ಕಂಪ್ಯೂಟರ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 10.

ಮೊಳೆ ಜೋಡಿಸಿದವ

ಅಮ್ಮಾ, ಮೈಸೂರಿನಲ್ಲಿ ಅಚ್ಚುಮೊಳೆ ಜೋಡಿಸುತ್ತ ಈ ಕಸುಬಿಗೆ ಬಂದವನು ನಾನು. ಸೀಸದ ಮೊಳೆ ಬಿಟ್ಟು ಪೇಜ್‌ಮೇಕರ್ ಹಿಡಿದಾಗಲೂ ಇನ್ನು ಮುಗಿಯಿತು ನಮ್ಮ ಕಥೆ ಅನ್ನಿಸಿತ್ತು, ಮುಗಿಯಲಿಲ್ಲ. ಈಗ ಆರೇಳು ವರ್ಷದಿಂದ ಬಾಡಿಗೆ ಸಾಫ್ಟ್‌ವೇರ್ ಮುಟ್ಟಿಲ್ಲ. ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮನ್ನು ಕಟ್ಟಿಹಾಕಿರುವುದು ಸಾಫ್ಟ್‌ವೇರ್ ಅಲ್ಲ, ಹಳೇ ಅಕ್ಷರ.

ಒಂದು ಪರೀಕ್ಷೆ ಮಾಡಿ. ನುಡಿ ಅಕ್ಷರದಲ್ಲಿ 'ಕನ್ನಡ' ಎಂದು ಟೈಪಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಒಂದು ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಎಳೆದ ಎ, ಪೌಂಡಿನ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನ್ನರ ಬರಹದಲ್ಲಿ ಬರುವ ಬಿ ಥರದ ಒಂದಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಓರೆಗೆರೆಯ ಎ. ಕಂಪ್ಯೂಟರಿಗೆ ಅದು ಕನ್ನಡ ಎಂದು ಗೊತ್ತೇ ಇರಲಿಲ್ಲ. ಲ್ಯಾಟಿನ್ ಅಕ್ಷರಗಳ ಮುಖಕ್ಕೆ ನಾವು ಕನ್ನಡದ ಬಣ್ಣ ಬಳಿದು ಇಪ್ಪತ್ತು ವರ್ಷ ವೇಷ ಕಟ್ಟಿಸಿದೆವು. ಈಗಿನ ಸಾಫ್ಟ್‌ವೇರುಗಳೆಲ್ಲ ಯೂನಿಕೋಡ್ ಕೇಳುತ್ತವೆ, ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇದೆ. ಹಾಗಾಗಿ ಮೊದಲು ಪಠ್ಯವನ್ನು ಯೂನಿಕೋಡಿಗೆ ತಿರುಗಿಸಿ, ಸಾಫ್ಟ್‌ವೇರ್ ಆಮೇಲೆ ಆಯ್ದುಕೊಳ್ಳಿ.

ಪೇಜ್‌ಮೇಕರ್ ಇನ್ನೂ ಓಡುತ್ತಿದ್ದರೆ ಅದರಿಂದಲೇ ಪಠ್ಯ ಕಾಪಿ ಮಾಡಿ, ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಹಾಕಿ. ಪುಕ್ಕಟೆಯವು ಬೇಕಾದಷ್ಟಿವೆ. ಪೇಜ್‌ಮೇಕರ್ ಓಡದಿದ್ದರೆ ಲಿಬ್ರೆಆಫೀಸ್ ಎಂಬ ಪುಕ್ಕಟೆ ಆಫೀಸ್ ಸಾಫ್ಟ್‌ವೇರಿನ ಡ್ರಾ ವಿಭಾಗದಲ್ಲಿ ತೆರೆದು ನೋಡಿ, 2015ರಲ್ಲಿ ಬಂದ 4.4ನೇ ಆವೃತ್ತಿಯಿಂದ ಅದು ಪೇಜ್‌ಮೇಕರ್ ಫೈಲ್ ಓದುತ್ತದೆ. ಪುಟದ ಅಂದ ಉಳಿಯುವ ಆಸೆ ಬೇಡ, ಪಠ್ಯ ಕೈಗೆ ಸಿಕ್ಕರೆ ಸಾಕು. ಪರಿವರ್ತನೆ ಆದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಇನ್ನೊಂದು, ನಡುನಡುವೆ ಇದ್ದ ಇಂಗ್ಲಿಷ್ ಪದಗಳು. ಬರೀ ಪಠ್ಯ ಕಾಪಿ ಮಾಡಿದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎನ್ನುವುದು ಅಳಿಸಿಹೋಗುವುದರಿಂದ ಪರಿವರ್ತಕ ಇಂಗ್ಲಿಷನ್ನೂ ಕನ್ನಡದ ಕಸ ಮಾಡಿಬಿಡುತ್ತದೆ.

ಎಲ್ಲವನ್ನೂ ತಿರುಗಿಸಲು ಕೂರಬೇಡಿ. 2009ರ ಮದುವೆ ಕಾಗದ ಯಾರಿಗೆ ಬೇಕು? ಆ ದಂಪತಿಯ ಮಗನ ಉಪನಯನಕ್ಕೆ ಹೊಸದಾಗಿಯೇ ಟೈಪಿಸಿದರಾಯಿತು. ಮತ್ತೆ ಮತ್ತೆ ಬಳಸುವ ಒಕ್ಕಣೆಗಳು, ಶ್ಲೋಕಗಳು, ಆ ಸಂಘದ ವರದಿ, ಇವಿಷ್ಟು ಸಾಕು. ಬೆರಳಿನ ಅಭ್ಯಾಸವನ್ನೂ ಬದಲಿಸಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಬರೆಯಬಹುದು, ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ.

ಇನ್ನು ಸಾಫ್ಟ್‌ವೇರ್. ನೀವು ಹಿಂದೆ ಕಂಡ 'ಪ್‌ರೀತಿ' ಸುಳ್ಳಲ್ಲ. ಪುಟ ಕಟ್ಟುವ ಸ್ಕ್ರೈಬಸ್‌ನ 1.4 ಸರಣಿಗೆ ಭಾರತೀಯ ಲಿಪಿಗಳ ಒತ್ತು ಕೂಡಿಸುವುದು ಬರುತ್ತಿರಲಿಲ್ಲ. 2017ರಲ್ಲಿ 1.5.3 ಎಂಬ ಪ್ರಯೋಗದ ಆವೃತ್ತಿಗೆ ಹಾರ್ಫ್‌ಬಜ್ ಎನ್ನುವ ಅಕ್ಷರ ಜೋಡಿಸುವ ಯಂತ್ರ ಸೇರಿತು. ಎಲ್ಲರೂ ಬಳಸಬಹುದಾದ ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. ಹಳೇ ಅನುಭವ ಇಟ್ಟುಕೊಂಡು ದೂರ ಇಡಬೇಡಿ. ಮದುವೆ ಕಾಗದ, ಕರಪತ್ರಕ್ಕೆ ಸ್ಕ್ರೈಬಸ್ ಸಾಕು.

ವರದಿಗೆ ಮಾತ್ರ ಅದು ಬೇಡ. ಅಢಾವೆ ಪತ್ರಿಕೆಯಂಥ ಪಟ್ಟಿಗಳನ್ನು ಸ್ಕ್ರೈಬಸ್‌ನಲ್ಲಿ ಕಟ್ಟುವುದು ಮರಳಲ್ಲಿ ಮಡಕೆ ಮಾಡಿದ ಹಾಗೆ. ಲಿಬ್ರೆಆಫೀಸಿನ ಬರಹದ ವಿಭಾಗವಾದ ರೈಟರಿನಲ್ಲಿ ಮಾಡಿ ನೇರ ಪಿಡಿಎಫ್ ತೆಗೆಯಿರಿ. ರೈಟರಿನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅದರ ಲೆಕ್ಕದಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿಗೆ ಸೇರಿದ್ದು. ಸ್ಟೈಲಿನಲ್ಲಿ ಇಂಗ್ಲಿಷಿಗೊಂದು ಫಾಂಟು ಮತ್ತು ಅಳತೆ, ಈ ಗುಂಪಿಗೆ ಬೇರೆಯೇ ಫಾಂಟು ಮತ್ತು ಅಳತೆ. ಮೇಲಿನದನ್ನು ಬದಲಿಸಿ 'ಅಯ್ಯೋ ಕನ್ನಡ ದೊಡ್ಡದಾಗಲೇ ಇಲ್ಲ' ಎಂದು ನಾನು ಒಂದಿಡೀ ಸಂಜೆ ಕಳೆದಿದ್ದೇನೆ.

ಕೋರೆಲ್ ಫೈಲುಗಳನ್ನು ಚಿತ್ರ ಬಿಡಿಸುವ ಪುಕ್ಕಟೆ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತೆರೆಯುತ್ತದೆ. ಗಣಪತಿ, ಬಾಳೆಕಂಬ, ತೋರಣ, ಅಂಚಿನ ಬಳ್ಳಿ ಎಲ್ಲ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತವೆ, ಅಕ್ಷರ ಹೆಚ್ಚುಕಮ್ಮಿ ಆಗಬಹುದು. ಚಿತ್ರಗಳನ್ನು ಅಲ್ಲಿಂದ ಎಸ್‌ವಿಜಿ ಎಂಬ ಗೆರೆಚಿತ್ರದ ಫೈಲಾಗಿ ಉಳಿಸಿ ಸ್ಕ್ರೈಬಸ್‌ಗೆ ತನ್ನಿ. ಫೋಟೋಗೆ ಗಿಂಪ್. 2025ರ ಮಾರ್ಚಿನಲ್ಲಿ ಬಂದ 3.0 ಹಾಕಿಕೊಳ್ಳಿ, ಹಳೆಯದು ಬೇಡ. ನೆರಳು, ಮಸುಕು ಹಾಕಿದ ಮೇಲೂ ಹಿಂದಕ್ಕೆ ಹೋಗಿ ತಿದ್ದುವ ಸೌಕರ್ಯ ಬಂದಿರುವುದು ಇದರಲ್ಲೇ.

ಬಾಡಿಗೆ ನಿಂತರೆ ಅದರ ಜೊತೆ ಬಂದ ಫಾಂಟುಗಳೂ ಹೋಗುತ್ತವೆ, ನೆನಪಿರಲಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಇವೆ. ಎಲ್ಲವೂ ಮುಕ್ತ ಪರವಾನಗಿಯವು, ಮುದ್ರಿಸಿ ಮಾರಲು ಅಡ್ಡಿಯಿಲ್ಲ. ಬಾಲೂ ತಮ್ಮ ಮುದ್ದಾಗಿದ್ದಾನೆ, ಮಿಠಾಯಿ ಅಂಗಡಿ ಬೋರ್ಡಿಗೆ ಹೇಳಿ ಮಾಡಿಸಿದವನು. ವೈಕುಂಠ ಸಮಾರಾಧನೆ ಕಾರ್ಡಿಗೆ ಅವನನ್ನು ಕರೆಯಬೇಡಿ.

ಧಾರವಾಡ ಆಫ್‌ಸೆಟ್

ಅಕ್ಕಾರ, ಮೂರನೇದ್ದಕ್ಕ ನಾ ಹೇಳ್ತೀನ್ರಿ, ಯಾಕಂದ್ರ ನಾವ ಪ್ರೆಸ್‌ನಾವ್ರು. ನೀವು ಯಾವ ಸಾಫ್ಟ್‌ವೇರಿನಾಗ ಮಾಡೀರಿ ಅಂತ ನಾವು ಕೇಳಂಗಿಲ್ಲ. ಛಲೋ ಪಿಡಿಎಫ್ ಕೊಟ್ರ ಸಾಕು, ಫಾಂಟ್ ಅದರಾಗ ಕೂಡಿರಬೇಕು. 'ಕೋರೆಲ್ ಫೈಲ ಬೇಕು' ಅಂತ ಹಟ ಮಾಡೋ ಆಪರೇಟರ್ ಇದ್ರ, ಅಕ್ಷರಾನ ಇಂಕ್‌ಸ್ಕೇಪಿನಾಗ ಪಾಥ್ ಮಾಡಿ ಕೊಡ್ರಿ. ಆಮ್ಯಾಲೆ ಅವು ಬರೇ ಗೆರಿ, ಯಾರ ಕಂಪ್ಯೂಟರಿನಾಗೂ ಮುರಿಯಂಗಿಲ್ಲ. ಆದ್ರ ಅದಕ್ಕಿಂತ ಮೊದಲ ಒಂದು ಕಾಪಿ ಹಂಗ ಉಳಿಸ್ಕೋರಿ, ಪಾಥ್ ಆದ ಅಕ್ಷರ ಮತ್ತ ತಿದ್ದಾಕ ಬರಂಗಿಲ್ಲ.

ಖರೇ ತ್ರಾಸು ಇರೋದು ಕರಿ ಬಣ್ಣದಾಗ. ಇಂಕ್‌ಸ್ಕೇಪಿನಿಂದ ಬರೋ ಪಿಡಿಎಫ್ ಆರ್‌ಜಿಬಿ ಇರತೈತಿ, ಅಂದ್ರ ಪರದೆಯ ಕೆಂಪು, ಹಸಿರು, ನೀಲಿ ಬಣ್ಣ. ನಮ್ಮ ಆಫ್‌ಸೆಟ್ ಮಷಿನಿಗೆ ನಾಕು ಪ್ಲೇಟು, ನೀಲಿ, ಕೆಂಪು, ಹಳದಿ, ಕರಿ, ಅದಕ್ಕ ಸಿಎಂವೈಕೆ ಅಂತಾರ. ಆರ್‌ಜಿಬಿ ಕರಿಯನ್ನ ಸಿಎಂವೈಕೆಗೆ ತಿರುಗಿಸಿದ್ರ ಅದು ನಾಕೂ ಪ್ಲೇಟಿಗೆ ಹಂಚಿ ಹೋಕ್ಕೈತಿ. ಇಂಗ್ಲಿಷಿಗೆ ಹೆಂಗರ ನಡೀತೈತ್ರಿ. ನಮ್ಮ 'ರಾಷ್ಟ್ರ'ದಾಗಿನ ಷ್ಟ್ರ ನೋಡ್ರಿ, ಒತ್ತಿನ ಕೆಳಗ ಒತ್ತು. ಒಂದ ಪ್ಲೇಟು ಒಂದ ಕೂದಲೆಳಿ ಸರದ್ರೂ ಆ ಸಣ್ಣ ಒತ್ತು ತುಂಬಿ ಹುಳಾ ಸತ್ತಂಗ ಕಾಣತೈತಿ. ಅದಕ್ಕ ಅಕ್ಷರ ಇರೋ ಕೆಲಸ ಎಲ್ಲಾ ಸ್ಕ್ರೈಬಸ್‌ನಾಗ ಮಾಡ್ರಿ. ಅದರಾಗಿನ ಬ್ಲ್ಯಾಕ್ ಅಂದ್ರ ಬರೇ ಕೆ (ಕರಿ ಶಾಯಿ) 100, ಉಳಿದ ಮೂರೂ ಸೊನ್ನಿ. ಪಿಡಿಎಫ್ ತೆಗಿಯೋ ಮುಂದ ಬಣ್ಣದ ಟ್ಯಾಬಿನಾಗ 'ಸ್ಕ್ರೀನ್' ಬಿಟ್ಟು 'ಪ್ರಿಂಟರ್' ಆರಿಸ್ರಿ. ಸುತ್ತಲೂ 3 ಎಂಎಂ ಬ್ಲೀಡ್, ಅಂದ್ರ ಕತ್ತರಿಸೋ ಗೆರಿ ದಾಟಿ ಹೆಚ್ಚಿನ ಬಣ್ಣ, ಬಿಡ್ರಿ.

ಅಕ್ಕಾರ, ನಿಮ್ಮ ಮದುವಿ ಕಾರ್ಡ್ ಎಲ್ಲಾ ಸ್ಕ್ರೀನ್ ಪ್ರಿಂಟಿಂಗೇನ್ರಿ? ಬಂಗಾರ ಬಣ್ಣ, ಒಂದೋ ಎರಡೋ ಕಲರು? ಹಂಗಿದ್ರ ಈ ಪುರಾಣ ಏನೂ ಬ್ಯಾಡ. ಬಟರ್ ಪೇಪರ್ ಮ್ಯಾಲೆ ಲೇಸರಿನಾಗ ಕಪ್ಪಗ ಹೊಡದು ಕೊಟ್ರ ಮುಗೀತು.

ಸಾಗರದ ಅಕ್ಕ

ಮುಕ್ಕಾಲು ಪಾಲು ಸ್ಕ್ರೀನೇ ಕಣ್ರೀ! ಬಟರ್ ಪೇಪರ್ ನಾನೇ ಹೊಡೆದು ಕೊಡೋದು. ಇಷ್ಟು ವರ್ಷ ಒಂದು ಬಣ್ಣದ ಕೆಲಸಕ್ಕೆ ಅಷ್ಟು ದೊಡ್ಡ ಸಾಫ್ಟ್‌ವೇರಿಗೆ ಬಾಡಿಗೆ ಕಟ್ಟಿದೆನಾ ಅಂತ ಯೋಚನೆ ಮಾಡ್ತಾ ಕೂತಿದ್ದೀನಿ. ಅಲ್ಲಾ, ಈ ಕಾರ್ಡಿನಿಂದ ದುಡ್ಡು ಕಟ್ ಆಗೋದನ್ನ ಬ್ಯಾಂಕಲ್ಲೇ ನಿಲ್ಲಿಸೋಕೆ ಆಗುತ್ತಾ?

ಕಗಪ ಕೀಲಿ

ಆಗುತ್ತೆ ಅಕ್ಕ. ಬ್ಯಾಂಕಿನ ಆ್ಯಪಲ್ಲೋ ವೆಬ್‌ಸೈಟಲ್ಲೋ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂತ ಹುಡುಕಿ, ಅಲ್ಲಿ ಪಟ್ಟಿ ಇರುತ್ತೆ, ರದ್ದು ಮಾಡಬಹುದು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಜಾರಿಯಲ್ಲಿದೆ, ಹಣ ಕಡಿತ ಆಗೋ 24 ಗಂಟೆ ಮೊದಲೇ ಮೆಸೇಜ್ ಬರಲೇಬೇಕು. ಆ ಮೆಸೇಜನ್ನ ನಾವ್ಯಾರೂ ಓದಲ್ಲ ಅನ್ನೋದು ಬೇರೆ ಮಾತು. 15,000ದವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳಲ್ಲ, ಹಾಗಾಗಿ ಸದ್ದಿಲ್ಲದೆ ಹೋಗ್ತಾ ಇರುತ್ತೆ. ಆದರೆ ಬ್ಯಾಂಕಲ್ಲಿ ನಿಲ್ಲಿಸಿದ ಮಾತ್ರಕ್ಕೆ ಕಂಪನಿ ಜೊತೆಗಿನ ಒಪ್ಪಂದ ಮುಗಿಯಲ್ಲ. ಅಲ್ಲೂ ರದ್ದು ಮಾಡಿ, ಇಮೇಲ್ ಉತ್ತರ ಇಟ್ಕೊಳ್ಳಿ. ವರ್ಷ ಮುಗಿಯೋ ತಾರೀಕು ಕ್ಯಾಲೆಂಡರಲ್ಲಿ ಬರೆದಿಟ್ಟು, ಅದಕ್ಕೆ ಹತ್ತು ದಿನ ಮುಂಚೆ ಮಾಡಿದರೆ ದಂಡ ಬೀಳಲ್ಲ.

ಮೊಳೆ ಸರ್ ಹೇಳಿದ್ದಕ್ಕೆ ನಂದೊಂದು ಸೇರಿಸ್ತೀನಿ. ಪುಕ್ಕಟೆ ಬೇರೆ, ಮುಕ್ತ ಬೇರೆ. ಮುಕ್ತ ಅಂದರೆ ಅದರ ಕೋಡನ್ನ ಯಾರು ಬೇಕಾದರೂ ತಗೊಂಡು ಬದಲಿಸಬಹುದು. ಅಫಿನಿಟಿ ಅನ್ನೋ ಡಿಸೈನ್ ಸಾಫ್ಟ್‌ವೇರನ್ನ 2024ರಲ್ಲಿ ಕ್ಯಾನ್ವಾ ಕೊಂಡುಕೊಂಡು, 2025ರ ಅಕ್ಟೋಬರ್ ಕೊನೆಗೆ ಪುಕ್ಕಟೆ ಮಾಡಿತು. ಅವರಲ್ಲಿ ಖಾತೆ ತೆರೀಬೇಕು ಅಷ್ಟೆ. ಬಳಸಿ, ಬೇಡ ಅನ್ನಲ್ಲ. ಆದರೆ ಹೇಗೆ ಕೊಂಡರೋ ಹಾಗೆ ನಾಳೆ ನಿಯಮ ಬದಲಿಸೋಕೂ ಅವರಿಗೆ ಅಧಿಕಾರ ಇದೆ. ಲಿಬ್ರೆಆಫೀಸ್ ಕಥೆ ಬೇರೆ. ಅದರ ಮೂಲ ಓಪನ್ಆಫೀಸ್, ಸನ್ ಕಂಪನಿಯಿಂದ ಒರಾಕಲ್ ಕೈಗೆ ಹೋಯಿತು. 2010ರಲ್ಲಿ ಅದನ್ನ ಕಟ್ಟುತ್ತಿದ್ದವರಲ್ಲಿ ಬಹಳ ಜನ ಕೋಡ್ ಎತ್ಕೊಂಡು ಆಚೆ ಬಂದು ಡಾಕ್ಯುಮೆಂಟ್ ಫೌಂಡೇಶನ್ ಮಾಡ್ಕೊಂಡರು. ಪರವಾನಗಿ ಮುಕ್ತ ಇತ್ತು, ಯಾರೂ ತಡೆಯೋಕೆ ಆಗಲಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮುಂದೆ ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಲಿನಕ್ಸ್ ಮಿಂಟ್ ನೋಡಬಹುದು, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡೋಕೆ ಬರುತ್ತೆ, ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ, ಅಂದರೆ ನುಡಿ ಥರದ ಕೀಲಿಮಣೆ, ಇದೆ. ಆದರೆ ಈಗಲೇ ಬೇಡ. ಸಾಫ್ಟ್‌ವೇರೂ ಹೊಸದು, ವಿಂಡೋಸೂ ಇಲ್ಲ ಅಂದರೆ ತಪ್ಪು ಎಲ್ಲಿ ಆಯ್ತು ಅಂತಲೇ ತಿಳಿಯಲ್ಲ. ಮೊದಲು ಇರೋ ವಿಂಡೋಸಲ್ಲೇ ಎರಡು ತಿಂಗಳು ಇವನ್ನೇ ಬಳಸಿ.

ಸಾಗರದ ಅಕ್ಕ (ಐದು ವಾರದ ನಂತರ)

ಮೊಳೆ ಸರ್, ಅರ್ಜೆಂಟು. ಮದುಮಗನ ಹೆಸರಲ್ಲಿ ರಾಜ್ ಮತ್ತೆ ಕುಮಾರ್ ಸೇರಿ ಒಂದೇ ಪದ. ಟೈಪ್ ಮಾಡಿದರೆ 'ರಾಜ್ಕುಮಾರ್' ಅಂತ ಕ ಹೋಗಿ ಜಕ್ಕೆ ಒತ್ತಾಗಿ ನೇತಾಡ್ತಿದೆ. ನಡುವೆ ಜಾಗ ಬಿಟ್ಟರೆ ಎರಡು ಹೆಸರು ಆಗುತ್ತೆ, ಹುಡುಗನ ಸೋದರಮಾವ ಒಪ್ಪಲ್ಲ. ನಾಳೆ ಬೆಳಿಗ್ಗೆ ಸ್ಕ್ರೀನಿಗೆ ಹೋಗಬೇಕು.

ಮೊಳೆ ಜೋಡಿಸಿದವ

ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು, ಝಡ್‌ಡಬ್ಲ್ಯೂಎನ್‌ಜೆ ಅಂತ ಹೆಸರು. ಎರಡು ಅಕ್ಷರ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನಡುವೆ ಕೂರುತ್ತದೆ. ರೈಟರಿನಲ್ಲಿ 'ರಾಜ್' ಎಂದು ಟೈಪಿಸಿ, ಅದಕ್ಕೆ ತಾಗಿಸಿ 200 ಮತ್ತು ಇಂಗ್ಲಿಷಿನ ಸಿ ಒತ್ತಿ, ಕೂಡಲೇ ಆಲ್ಟ್ ಹಿಡಿದು ಎಕ್ಸ್. ಅಂಕಿ ಮಾಯವಾಗುತ್ತದೆ. ಈಗ 'ಕುಮಾರ್' ಟೈಪಿಸಿ. 'ರಾಜ್‌ಕುಮಾರ್' ಎಂದು ಬಂದಿರಬೇಕು. ಅದನ್ನೇ ಕಾಪಿ ಮಾಡಿ ಸ್ಕ್ರೈಬಸ್‌ನಲ್ಲಿ ಹಾಕಿ.

ಸಾಗರದ ಅಕ್ಕ

ಬಂತು! ಕಾರ್ಡ್ ಮುದ್ರಣ ಆಗಿ ಹಂಚಿಯೂ ಆಯಿತು. ಸೋದರಮಾವ ಕನ್ನಡಕ ಹಾಕ್ಕೊಂಡು ನೋಡಿ 'ಸರಿ ಇದೆ' ಅಂದರು. ಅವರ ಬಾಯಲ್ಲಿ ಅದೇ ದೊಡ್ಡದು.

ಈವರೆಗಿನ ಲೆಕ್ಕ ಒಪ್ಪಿಸ್ತೀನಿ. ಆಫೀಸಿನ ಬಾಡಿಗೆ ಅವತ್ತೇ ನಿಲ್ಲಿಸಿದೆ, ಅದು ತಿಂಗಳದ್ದಾಗಿತ್ತು, ದಂಡ ಬೀಳಲಿಲ್ಲ. ಪುಟ ಕಟ್ಟೋದರ ವರ್ಷ ವೈಶಾಖಕ್ಕೆ ಮುಗಿಯುತ್ತೆ, ಅಲ್ಲಿವರೆಗೆ ಹಳೇ ಫೈಲಿನಿಂದ ಪಠ್ಯ ತೆಗೆಯೋದಕ್ಕೆ ಅದನ್ನ ಬಳಸ್ತಿದ್ದೀನಿ. ಫೋಟೋದು ಇನ್ನೂ ಬಿಡೋಕೆ ಆಗಿಲ್ಲ. ನಿಜ ಹೇಳ್ತೀನಿ, ಹುಡುಗ ಹುಡುಗಿ ಫೋಟೋದ ಹಿನ್ನೆಲೆ ಕತ್ತರಿಸೋದು ಮೊದಲು ಎರಡು ನಿಮಿಷದ ಕೆಲಸ, ಗಿಂಪಲ್ಲಿ ನನಗೆ ಕಾಲು ಗಂಟೆ ಹಿಡಿಯುತ್ತೆ, ಅದರಲ್ಲೂ ಹುಡುಗಿ ತಲೆ ತುಂಬ ಮಲ್ಲಿಗೆ ಮುಡಿದಿದ್ದರೆ ಮುಗೀತು. ಸೀಸನ್ ಕಳೆದ ಮೇಲೆ ಕೂತು ಕಲೀಬೇಕು.

ಸ್ಕ್ರೈಬಸ್‌ನಲ್ಲಿ ಕರಪತ್ರದ ಕಿರಿದಾದ ಕಾಲಂಗೆ ಎರಡೂ ಬದಿ ಸರಿಹೊಂದಿಸಿದರೆ ಪದಗಳ ನಡುವೆ ಗದ್ದೆ ಬದುವಿನಷ್ಟು ಜಾಗ ಬಿಡುತ್ತೆ. 'ಯಕ್ಷಗಾನಬಯಲಾಟಪ್ರದರ್ಶನ' ಅಂತ ಉದ್ದುದ್ದ ಬರೆದುಕೊಡೋ ಮೇಳದವರಿಗೆ ಏನು ಹೇಳೋದು? ನಾನೇ ಬಿಡಿಸಿ ಮೂರು ಪದ ಮಾಡಿ ಎಡಕ್ಕೆ ಹೊಂದಿಸಿಬಿಟ್ಟೆ, ಯಾರೂ ಕೇಳಲಿಲ್ಲ.

ಈಗ ಸಂಘದ ಹೋದ ವರ್ಷದ ವರದಿಯನ್ನ ರೈಟರಿಗೆ ತರ್ತಿದ್ದೀನಿ, 31ನೇ ಪುಟದ ತನಕ ಆಗಿದೆ. ಪರಿವರ್ತಕ ಪಾನ್ ನಂಬರನ್ನೂ ಬಿಡದೆ ಕನ್ನಡ ಮಾಡಿಟ್ಟಿತ್ತು, ಅದನ್ನೆಲ್ಲ ಕೈಯಲ್ಲಿ ತಿದ್ದಿದೆ. ಸುಸ್ತಿ ಸಾಲಗಾರರ ಪಟ್ಟಿ ನಾಲ್ಕು ಪುಟ ಹೋಗುತ್ತೆ. ತಲೆಬರಹದ ಸಾಲು ಮೊದಲ ಪುಟದಲ್ಲಿ ಮಾತ್ರ ಇದೆ, ನಾಲ್ಕೂ ಪುಟದಲ್ಲಿ ಬರೋ ಹಾಗೆ ಮಾಡೋದು ಹೇಗೆ?

ಕಗಪ ಕೀಲಿ

ಟೇಬಲ್ ಪ್ರಾಪರ್ಟೀಸ್ ತೆರೆದು ಟೆಕ್ಸ್ಟ್ ಫ್ಲೋ ಟ್ಯಾಬಿಗೆ ಹೋಗಿ ಅಕ್ಕ, 'ರಿಪೀಟ್ ಹೆಡಿಂಗ್' ಮುಂದೆ ಟಿಕ್ ಹಾಕಿ. ತಲೆಬರಹ ಎರಡು ಸಾಲಿದ್ದರೆ ಪಕ್ಕದಲ್ಲಿ 2 ಅಂತ ಮಾಡಿ.